ನಾಲ್ಕು ನಿಮಿಷದ ಗಾಡಿ

"ಯಾವ ಧೈರ್ಯದ ಮೇಲೆ ಬರೆದ್ಯೋ ಇದನ್ನ? ನಿನ್ನ ಹೆಸರಿನ ಮುಂದೆ 'ತರಬೇತುದಾರ' ಅಂತ ಬರೆಯೋವಾಗ ನಿನ್ನ ಕೈ ನಡುಗಲಿಲ್ವಾ? ಹಾಸಿಗೆಯಿಂದ ಬಚ್ಚಲಿಗೆ ಹೋಗೋಕೆ ಅರ್ಧ ಗಂಟೆ ತಗೊಳ್ಳೋ ನೀನು ವೇಗನಡಿಗೆ ತರಬೇತುದಾರ!"

"ಭಾವ, ಸ್ವಲ್ಪ ಮೆಲ್ಲಗೆ. ಪಕ್ಕದ ಟೈಲರ್ ಕೇಳಿಸ್ಕೋತಿದಾರೆ."

"ಕೇಳಿಸ್ಕೊಳ್ಳಲಿ! ಊರಿಗೆ ಊರೇ ಕೇಳಿಸ್ಕೊಳ್ಳಲಿ! ನಲವತ್ತು ಜನ ಶಿಷ್ಯರಂತೆ! ಯಾರಯ್ಯಾ ಆ ನಲವತ್ತು ಜನ?"

"ನಮ್ಮ ಬೀದಿಯವರೇ. ನೀವೂ ಇದೀರಿ. ಹದಿನೇಳನೇ ನಂಬರು."

ಕೈಯಲ್ಲಿದ್ದ ಕೊಡತಿಯನ್ನು ನಾನು ಎತ್ತಿದ್ದು ನಿಜ. ಹೊಡೆಯುವುದಕ್ಕಲ್ಲ. ನಾನು ಬಡಗಿ, ಮಾತಾಡುವಾಗ ನನ್ನ ಕೈಯಲ್ಲಿ ಏನಾದರೊಂದು ಇದ್ದೇ ಇರುತ್ತದೆ. ಆದರೆ ನನ್ನ ಹೆಂಡತಿ ಒಳಗಿನಿಂದ ಓಡಿಬಂದು ತನ್ನ ತಮ್ಮನಿಗೂ ನನಗೂ ನಡುವೆ ಬಾಗಿಲಿನ ಹಾಗೆ ನಿಂತಳು.

"ಹೊಡೀರಿ, ಮೊದಲು ನನಗೆ ಹೊಡೀರಿ. ಅವನೇನು ಕಳ್ಳತನ ಮಾಡಿದ್ನಾ? ಅರ್ಜಿ ತುಂಬಿದ. ಈ ಬೀದೀಲಿ ಮೀಸೆ ಹೊತ್ತೋರು ಇಷ್ಟು ಜನ ಇದೀರಲ್ಲ, ಒಬ್ಬರ ಕೈಲಾದರೂ ಅದು ಆಯ್ತಾ?"

ಆಗಿರಲಿಲ್ಲ. ಅದೇ ನನ್ನ ಹೊಟ್ಟೆಯ ಉರಿ.

ನಡೆದದ್ದು ಇಷ್ಟು. ನಮ್ಮ ಪುರಸಭೆ ಒಂದೇ ಮೀಟಿಂಗಿನಲ್ಲಿ ಎರಡು ತೀರ್ಮಾನ ಮಾಡಿತು. ಮೊದಲನೆಯದು, ಕಸದ ಗಾಡಿ ಇನ್ನು ಮುಂದೆ ಬೀದಿಯೊಳಗೆ ಬರುವುದಿಲ್ಲ. ಬೆಳಿಗ್ಗೆ ಆರೂವರೆಗೆ ಮುಖ್ಯರಸ್ತೆಯಲ್ಲಿ ನಾಲ್ಕು ನಿಮಿಷ ನಿಲ್ಲುತ್ತದೆ. ಹಸಿ ಕಸ ಒಂದು ಬಕೆಟ್ಟಿನಲ್ಲಿ, ಒಣ ಕಸ ಒಂದು ಬಕೆಟ್ಟಿನಲ್ಲಿ ನಾವೇ ಹೊತ್ತು ತಂದು ಸುರಿಯಬೇಕು. ದಾರಿಯಲ್ಲಿ ಚೆಲ್ಲಿದರೆ ದಂಡ. ಎರಡನೆಯದು, ಆಟ ನಡೆಯುತ್ತಿರುವ ಮೈದಾನಕ್ಕೆ ಕ್ರೀಡಾ ಅನುದಾನ. ಆಟವಿಲ್ಲದೆ ಖಾಲಿ ಬಿದ್ದ ಮೈದಾನಕ್ಕೆ ಊರಿನ ಕಸವನ್ನೆಲ್ಲ ತಂದು ಸುರಿದು ವಿಂಗಡಿಸುವ ಯಾರ್ಡು.

ನಮ್ಮ ಬೀದಿಗೂ ಮುಖ್ಯರಸ್ತೆಗೂ ನಡುವೆ ಅಂಥದೊಂದು ಖಾಲಿ ಮೈದಾನವಿದೆ. ನಮ್ಮ ಅಡುಗೆಮನೆಯ ಕಿಟಕಿ ತೆರೆಯುವುದು ಅದಕ್ಕೇ. ಅದರ ಆಚೆಯ ಗೋಡೆ ಒಂದು ಕಡೆ ಒಡೆದು ಸಂದಿಯಾಗಿದೆ. ಆ ಸಂದಿಯಿಂದ ಹೊರಬಿದ್ದರೆ ಮುಖ್ಯರಸ್ತೆ. ಎಡಕ್ಕೆ ಟೀ ಅಂಗಡಿ, ಅದರ ಮುಂದೆಯೇ ಕಸದ ಗಾಡಿ ನಿಲ್ಲುವುದು. ಬಲಕ್ಕೆ ತಿರುಗಿದರೆ ಊರು ಬಿಟ್ಟ ಹಾಗೆಯೇ, ಮುಂದೆ ಬರೀ ರಸ್ತೆ.

ಮೈದಾನ ಯಾರ್ಡಾದರೆ ಊರಿನ ಕಸವೆಲ್ಲ ನನ್ನ ಹೆಂಡತಿಯ ಒಲೆಯಿಂದ ಹನ್ನೆರಡು ಅಡಿಗೆ ಬಂದು ಬೀಳುತ್ತದೆ. ಅಳತೆ ಪಟ್ಟಿ ಹಿಡಿದು ನಾನೇ ಅಳೆದಿದ್ದೆ. ಅವಳು ಎರಡೇ ಮಾತಿನಲ್ಲಿ ಮುಗಿಸಿದ್ದಳು: "ಯಾರ್ಡ್ ಬಂದ ದಿನ ಈ ಮನೇಲಿ ಒಲೆ ಹಚ್ಚಲ್ಲ. ನೀವು ನಿಮ್ಮ ಮರದ ಪುಡಿ ತಿಂದ್ಕೊಂಡಿರಿ."

ಗಾಡಿಯ ನಿಯಮ ಮರುದಿನವೇ ಜಾರಿಗೆ ಬಂದಿತ್ತು. ಅನುದಾನಕ್ಕೆ ಅರ್ಜಿ ಕರೆದದ್ದು ಮಾತ್ರ ಎಂಟು ತಿಂಗಳಾದ ಮೇಲೆ, ಹಾಕಲು ಹದಿನೈದು ದಿನ ಕೊಟ್ಟಿದ್ದರು. ಬೀದಿಯವರೆಲ್ಲ ಟೈಲರ್ ಅಂಗಡಿಯಲ್ಲಿ ಸೇರಿ ಯಾವ ಆಟ ಬರೆಯಬೇಕೆಂದು ಚರ್ಚೆಗೆ ಕೂತೆವು. ಟೈಲರ್ ಫುಟ್‌ಬಾಲ್ ಎಂದ, ಹನ್ನೊಂದು ಜೊತೆ ಚಡ್ಡಿ ಹೊಲಿಯುವ ಕೆಲಸ ಸಿಗುತ್ತದೆಂದು. ನಾನು ವಾಲಿಬಾಲ್ ಎಂದೆ, ಎರಡು ಕಂಬ ನನಗೆ ಸಿಗುತ್ತವೆಂದು. ರಿಟೈರಾದ ಮೇಷ್ಟ್ರು ಚದುರಂಗ ಎಂದರು. ಚದುರಂಗಕ್ಕೆ ಮೈದಾನ ಯಾಕೆ ಸ್ವಾಮಿ ಎಂದರೆ, "ಗಾಳಿ ಬೇಡ್ವೇನ್ರಯ್ಯಾ?" ಎಂದು ನಮ್ಮನ್ನೇ ಗದರಿದರು. ಹದಿನಾಲ್ಕು ದಿನ ಹೀಗೇ ಕಳೆಯಿತು. ಹದಿನೈದನೆಯ ದಿನ ನನ್ನ ಭಾವಮೈದುನ ಯಾರಿಗೂ ಹೇಳದೆ ಅರ್ಜಿ ತುಂಬಿ ಪುರಸಭೆಯ ಡಬ್ಬಿಗೆ ಹಾಕಿ ಬಂದುಬಿಟ್ಟ. ಅದರ ನಕಲು ಈಗ ನನ್ನ ಕೈಯಲ್ಲಿತ್ತು.

ಇವನ ವಿಷಯ ಸ್ವಲ್ಪ ಹೇಳಿಬಿಡಬೇಕು. ನಾಲ್ಕು ದಿನಕ್ಕೆಂದು ಬಂದವನು ನಾಲ್ಕು ವರ್ಷದಿಂದ ನಮ್ಮ ಮನೆಯಲ್ಲಿದ್ದ. ಕೆಲಸ ಸಿಗದವನಲ್ಲ. ಸಿಕ್ಕ ಕೆಲಸದಲ್ಲಿ ನಿಲ್ಲದವನು. ಒಂಬತ್ತು ಕಡೆ ನಾನೇ ಕೈಕಾಲು ಹಿಡಿದು ಸೇರಿಸಿದ್ದೆ. ಒಂಬತ್ತು ಕಡೆಯೂ ಒಂದೇ ರೀತಿ ಬಿಟ್ಟ. ಯಾರ ಜೊತೆಯೂ ಜಗಳವಿಲ್ಲ, ಯಾರ ಮೇಲೂ ದೂರಿಲ್ಲ. "ಟೀ ಕುಡಿದು ಬರ್ತೀನಿ" ಎಂದು ವಿನಯವಾಗಿ ಹೇಳಿ ಹೊರಡುತ್ತಿದ್ದ. ಅಷ್ಟೇ. ಕರೆಂಟ್ ಸಾಮಾನಿನ ಅಂಗಡಿಯಲ್ಲಿ ಮಾಲೀಕ ಏಣಿ ಹತ್ತಿ ನಿಂತಿದ್ದಾಗ ಕೆಳಗೆ ಏಣಿ ಹಿಡಿದಿದ್ದವನು ಇವನು. ಟೀ ಕುಡಿದು ಬರ್ತೀನಿ ಎಂದ. ಮಾಲೀಕ ಮೇಲಿನಿಂದಲೇ ಹೂಂ ಎಂದ. ಪಾಪ, ಆ ಮನುಷ್ಯ ಈಗಲೂ ಸ್ವಲ್ಪ ಕುಂಟುತ್ತಾನೆ. ಆ ಅಂಗಡಿಯಿಂದ ನಮ್ಮ ಮನೆಗೆ ಎಂಟು ಮೈಲಿ. ಬಸ್ಸಿಗೆ ಕಾಸಿಲ್ಲದೆ ನಡೆದೇ ಬಂದಿದ್ದ. ಒಂಬತ್ತು ಸಲವೂ ಹಾಗೇ ನಡೆದೇ ಬಂದಿದ್ದ.

"ಆ ಅರ್ಜೀಲಿ ಒಂದು ಸುಳ್ಳೂ ಇಲ್ಲ ಭಾವ," ಎಂದ ಅಕ್ಕನ ಬೆನ್ನ ಹಿಂದಿನಿಂದ. "ಬೆಳಿಗ್ಗೆ ಕಿಟಕಿಯಿಂದ ನೋಡಿ. ನಾನು ದಿನಾ ನೋಡ್ತೀನಿ."

"ನೀನಾ? ಒಂಬತ್ತು ಗಂಟೆಗೆ ಏಳೋನು?"

"ಆರೂವರೆಗೆ ಒಂದು ಕಣ್ಣು ಬಿಟ್ಟು ನೋಡಿ, ಆಮೇಲೆ ಮಲಗ್ತೀನಿ."

"ಕೇಳು ಇಲ್ಲಿ. ಪುರಸಭೆ ಸಾಹೇಬ ಬಂದು ನಮ್ಮ ಮುಖ ನೋಡಿ ನಕ್ಕ ದಿನ, ನೀನು ಗಂಟುಮೂಟೆ ಕಟ್ಟು. ಅವತ್ತೇ ಈ ಮನೆ ಋಣ ಮುಗೀತು."

"ಆಗ್ಲಿ ಭಾವ," ಎಂದ. ಇವನಿಗೆ ಬೈದರೆ ಗೋಣಿಚೀಲಕ್ಕೆ ಗುದ್ದಿದ ಹಾಗೆ. ಕೈ ನೋಯುವುದು ನಮಗೇ.

ನಮ್ಮ ಬೀದಿಯ ಬೆಳಗಿನ ಆರೂವರೆ ಹೇಗಿರುತ್ತಿತ್ತು ಎಂಬುದನ್ನು ಕಣ್ಣಾರೆ ನೋಡಿದವರೇ ನಂಬಬೇಕು. ಗಾಡಿಯ ಹಾರ್ನು ಕೇಳಿದ ಕೂಡಲೇ ನಲವತ್ತು ಬಾಗಿಲು ಒಟ್ಟಿಗೆ ತೆರೆಯುತ್ತವೆ. ನಲವತ್ತು ಜನ, ಎಂಬತ್ತು ಬಕೆಟ್ಟು. ಮೈದಾನ ದಾಟಿ ಸಂದಿ ಸೇರಲು ಇರುವುದು ನಾಲ್ಕೇ ನಿಮಿಷ. ಓಡಿದರೆ ಹಸಿ ಕಸ ತುಳುಕಿ ಚೆಲ್ಲುತ್ತದೆ, ದಂಡ. ನಿಧಾನ ನಡೆದರೆ ಗಾಡಿ ಹೋಗುತ್ತದೆ, ಕಸ ಮನೆಯಲ್ಲೇ. ಮೊದಲ ವಾರ ಕೆಲವರು ಓಡಿ ದಂಡ ಕಟ್ಟಿದರು, ಕೆಲವರು ನಡೆದು ಕಸದ ಜೊತೆ ಸಂಸಾರ ಮಾಡಿದರು. ಎಂಟು ತಿಂಗಳಾಗುವಷ್ಟರಲ್ಲಿ ಓಟವೂ ಅಲ್ಲದ ನಡಿಗೆಯೂ ಅಲ್ಲದ ಒಂದು ವಿದ್ಯೆ ಇಡೀ ಬೀದಿಗೇ ತಾನಾಗಿ ಕೈವಶವಾಗಿತ್ತು. ಸೊಂಟ ಎಡಕ್ಕೂ ಬಲಕ್ಕೂ ಗಿರಗಿರನೆ ತಿರುಗುತ್ತದೆ, ಕಾಲು ಕತ್ತರಿಯ ಹಾಗೆ ಆಡುತ್ತದೆ, ಹೆಗಲು ಮಾತ್ರ ಅಲ್ಲಾಡುವುದಿಲ್ಲ. ಬಕೆಟ್ಟಿನ ಮುಚ್ಚಳದ ಮೇಲೆ ನನ್ನ ರಸಮಟ್ಟ ಇಟ್ಟರೂ ಅದರೊಳಗಿನ ಗುಳ್ಳೆ ನಡುವಿನ ಗೆರೆ ಬಿಟ್ಟು ಆಚೀಚೆ ಸರಿಯುತ್ತಿರಲಿಲ್ಲ. ಎಲ್ಲರಿಗಿಂತ ಮುಂದೆ ಎದುರುಮನೆಯ ಅಜ್ಜಿ. ವಯಸ್ಸು ಎಪ್ಪತ್ತೆರಡು. ಅವರನ್ನು ಹಿಂದೆ ಹಾಕಬೇಕೆಂದು ಎಂಟು ತಿಂಗಳಿಂದ ನಾನು ಮಾಡಿದ ಪ್ರಯತ್ನ ದೇವರಿಗೇ ಗೊತ್ತು.

ಜಗಳವಾದ ನಾಲ್ಕನೆಯ ಬೆಳಿಗ್ಗೆ ನಾನು ಖಾಲಿ ಬಕೆಟ್ಟು ಹಿಡಿದು ವಾಪಸು ಬರುತ್ತಿದ್ದೆ. ಮೈದಾನದ ಮರದ ಕೆಳಗೆ ಬಿಳಿ ಟೊಪ್ಪಿಯ ಒಬ್ಬ ಸಾಹೇಬ ನಿಂತಿದ್ದ. ಕುತ್ತಿಗೆಯಲ್ಲಿ ಸೀಟಿ, ಕೈಯಲ್ಲಿ ಗಡಿಯಾರ. ಬಾಯಿ ತೆರೆದೇ ಇತ್ತು. ಹೋಯಿತು, ಯಾರೋ ಚೆಲ್ಲಿದ್ದಾರೆ, ದಂಡ ಹಾಕುವವನು ಬಂದಿದ್ದಾನೆ ಎಂದುಕೊಂಡೆ.

"ಇಲ್ಲಿ ಬನ್ನಿ," ಎಂದ ಸಾಹೇಬ. ಧ್ವನಿ ನಡುಗುತ್ತಿತ್ತು. ಕೋಪಕ್ಕೆ ಎಂದು ನಾನು ತಿಳಿದೆ.

"ಸಾರ್, ನಾನು ಒಂದು ತೊಟ್ಟೂ ಚೆಲ್ಲಿಲ್ಲ. ಬೇಕಾದ್ರೆ ನೆಲ ನೋಡ್ಕೊಳ್ಳಿ."

"ನೆಲಾನೇ ನೋಡ್ತಿದ್ದೆ ಕಣ್ರೀ! ಮಂಡಿ ಊರಿ ನೋಡ್ದೆ! ನಲವತ್ತು ಜನರಲ್ಲಿ ಒಬ್ಬರ ಕಾಲೂ ನೆಲ ಬಿಡಲಿಲ್ಲ!"

"ಯಾಕ್ ಬಿಡ್ತೀವಿ ಸಾರ್? ಬಿಟ್ರೆ ಚೆಲ್ಲುತ್ತೆ."

ಸಾಹೇಬ ಟೊಪ್ಪಿ ತೆಗೆದ. "ಎಂಥಾ ಮಾತು! ಎರಡೂ ಕಾಲು ಒಟ್ಟಿಗೆ ನೆಲ ಬಿಟ್ರೆ ಅದು ನಡಿಗೆಯಲ್ಲ, ಓಟ ಅಂತ ಇಪ್ಪತ್ತು ವರ್ಷದಿಂದ ಹುಡುಗರಿಗೆ ಬಾಯಿ ಬಡ್ಕೊಂಡು ಹೇಳ್ತಿದೀನಿ. ಒಬ್ಬನಿಗೂ ತಲೆಗೆ ಹೋಗ್ಲಿಲ್ಲ. ಅದೂ ಎರಡೂ ಕೈಲಿ ತೂಕ ಹಿಡ್ಕೊಂಡು! ಎಷ್ಟು ದಿನದ ಅಭ್ಯಾಸ?"

"ಎಂಟು ತಿಂಗಳಾಯ್ತು."

"ರಜೆ?"

"ರಜೆ ಮಾಡಿದ್ರೆ ಮನೆ ನಾರುತ್ತೆ ಸಾರ್."

ಸಾಹೇಬ ಈ ಮಾತನ್ನೂ ಪುಸ್ತಕದಲ್ಲಿ ಬರೆದುಕೊಂಡ. ಅಷ್ಟರಲ್ಲಿ ಅಜ್ಜಿ ಎರಡು ಖಾಲಿ ಬಕೆಟ್ಟು ಆಡಿಸುತ್ತ ನಮ್ಮ ಪಕ್ಕದಲ್ಲೇ ಸುಂಯ್ ಎಂದು ಹಾದುಹೋದರು. ಸಾಹೇಬ ಗಡಿಯಾರ ಒತ್ತಿದ, ನೋಡಿದ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ, ಮತ್ತೆ ನೋಡಿದ.

"ಇವರ ವಯಸ್ಸು?"

"ಎಪ್ಪತ್ತೆರಡು."

ಸಾಹೇಬ ಮರಕ್ಕೆ ಒರಗಿ ನಿಂತ. ಆಮೇಲೆ ಮೆಲ್ಲಗೆ, ದೊಡ್ಡವರ ಹೆಸರು ಹೇಳುವಾಗಿನ ಧ್ವನಿಯಲ್ಲಿ ಕೇಳಿದ: "ಇವರನ್ನೆಲ್ಲ ತಯಾರು ಮಾಡಿದ ಆ ತರಬೇತುದಾರರು ಎಲ್ಲಿ?"

ಆಗ ನನ್ನ ತಲೆಯೊಳಗೆ ದೀಪ ಹತ್ತಿತು. ಈತ ಕಸದ ಸಾಹೇಬನಲ್ಲ, ಆಟದ ಸಾಹೇಬ! ಬಾಯಿಗೆ ಸುಳ್ಳು ಬರಲಿಲ್ಲ. ನನಗೆ ಯಾವತ್ತೂ ಸಮಯಕ್ಕೆ ಬರುವುದಿಲ್ಲ.

"ಮಲಗಿದಾನೆ ಸಾರ್."

"ಮಲಗಿದಾರೆ!" ಸಾಹೇಬನ ಕಣ್ಣಲ್ಲಿ ನೀರಾಡಿತು. "ಗುರು ಮಲಗಿರುವಾಗಲೂ ಶಿಷ್ಯರು ಶಿಸ್ತು ಬಿಡಲ್ಲ. ಇದಪ್ಪಾ ತರಬೇತಿ! ಎಬ್ಬಿಸಬೇಡಿ, ಎಬ್ಬಿಸಬೇಡಿ. ಮುಂದಿನ ವಾರ ಅಧ್ಯಕ್ಷರನ್ನೇ ಕರ್ಕೊಂಡು ಬರ್ತೀನಿ. ಅವರು ಒಂದೇ ಒಂದು ಸಲ ಈ ಗುರುಗಳ ನಡಿಗೆ ನೋಡಬೇಕು. ನೋಡಿದ್ರೆ ಅನುದಾನಕ್ಕೆ ಅಲ್ಲೇ ಸಹಿ ಬೀಳುತ್ತೆ."

ಈ ಸುದ್ದಿ ಬೀದಿಯಲ್ಲಿ ಬೆಂಕಿಯ ಹಾಗೆ ಹಬ್ಬಿತು. ಒಂದೇ ದಿನದಲ್ಲಿ ನಮ್ಮ ಜನರ ಎದೆ ನಾಲ್ಕು ಅಂಗುಲ ಉಬ್ಬಿತು. ಎಂಟು ತಿಂಗಳು ಪುರಸಭೆಗೆ ಶಾಪ ಹಾಕುತ್ತ ಬಕೆಟ್ಟು ಹೊತ್ತವರು ಈಗ ಕ್ರೀಡಾಪಟುಗಳು! ಟೈಲರ್ ತನ್ನ ಕಾಲನ್ನು ತಾನೇ ಕನ್ನಡಿಯಲ್ಲಿ ನೋಡಿಕೊಳ್ಳತೊಡಗಿದ. ಮೇಷ್ಟ್ರು ಊಟಕ್ಕೆ ಮುಂಚೆ ಮೊಳಕೆಕಾಳು ತಿನ್ನತೊಡಗಿದರು. ಅಜ್ಜಿ ಮಾತ್ರ, "ಥೂ, ಕಸ ಹಾಕಿ ಬರೋದಕ್ಕೆ ಇಷ್ಟು ರಂಪ!" ಎಂದು ಬಾಗಿಲು ಹಾಕಿಕೊಂಡರು.

ಉಳಿದದ್ದು ಒಂದೇ ಪ್ರಶ್ನೆ. ಗುರುಗಳು ನಡೆಯಬೇಕಲ್ಲ? ನಾಲ್ಕು ವರ್ಷದಲ್ಲಿ ಅವನು ಒಂದು ದಿನ, ಒಂದೇ ಒಂದು ದಿನ, ಮನೆಯ ಕಸದ ಬಕೆಟ್ಟು ಮುಟ್ಟಿದವನಲ್ಲ.

"ನಾಳೆಯಿಂದ ಅಭ್ಯಾಸ ಮಾಡು," ಎಂದೆ.

"ಬೇಡ ಭಾವ. ಹೊಸದಾಗಿ ಕಲಿತರೆ ಮರ್ತುಹೋಗುತ್ತೆ."

"ನೀನು ಅಧ್ಯಕ್ಷರ ಮುಂದೆ ಮುಗ್ಗರಿಸಿ ಬಿದ್ರೆ ಯಾರ್ಡು ನಮ್ಮ ಒಲೆ ಮುಂದೆ ಬರುತ್ತೆ ಕಣೋ! ನಿಮ್ಮಕ್ಕನ ಮುಖ ನೋಡಿಯಾದ್ರೂ..."

"ನಡೀತೀನಿ ಭಾವ. ನಡೆಯೋದೊಂದು ನಂಗೆ ಗೊತ್ತು," ಎಂದು ಗೋಡೆಯ ಕಡೆ ತಿರುಗಿ ಮಲಗಿದ.

ಆ ದಿನ ಬಂತು. ಆರು ಗಂಟೆಗೇ ಅಧ್ಯಕ್ಷರು, ಸಾಹೇಬ, ಫೈಲು ಹಿಡಿದ ಗುಮಾಸ್ತ ಎಲ್ಲರೂ ಮೈದಾನದಲ್ಲಿ ಹಾಜರು. ಅಧ್ಯಕ್ಷರು ದಪ್ಪ ದೇಹದ ಮನುಷ್ಯ. ನಾನೇ ಮಾಡಿದ ಕುರ್ಚಿಯಲ್ಲಿ ಕೂತರು. ಕುರ್ಚಿ ಕಿರ್ ಎಂದಿತು, ತಡೆಯಿತು. ಆರೂವರೆಗೆ ಆಚೆ ಕಸದ ಗಾಡಿಯ ಹಾರ್ನು. ನಲವತ್ತು ಬಾಗಿಲು ತೆರೆದವು. ಎಂಬತ್ತು ಬಕೆಟ್ಟು ಹೊರಟವು.

ಅಧ್ಯಕ್ಷರ ಬಾಯಿಂದ "ಅಯ್ಯಯ್ಯಯ್ಯೋ!" ಎಂಬ ಉದ್ಗಾರ ತಾನಾಗಿ ಬಂತು. ನನಗೂ ಅವತ್ತು ಮೊದಲ ಸಲ ನಮ್ಮ ಜನರನ್ನು ಪಕ್ಕದಲ್ಲಿ ನಿಂತು ನೋಡುವ ಭಾಗ್ಯ. ನನ್ನ ಬಕೆಟ್ಟುಗಳನ್ನು ಹೆಂಡತಿ ಹಿಡಿದಿದ್ದಳು, ನಾನು ಕುರ್ಚಿ ಕಾಯುತ್ತಿದ್ದೆ. ಏನು ಹೇಳಲಿ! ಬೆಳಗಿನ ಬಿಸಿಲಿನಲ್ಲಿ ನಲವತ್ತು ಸೊಂಟ ಒಂದೇ ತಾಳಕ್ಕೆ ತಿರುಗುತ್ತ, ಒಂದು ಧೂಳಿನ ಕಣವೂ ಏಳದ ಹಾಗೆ, ಮುಚ್ಚಳ ಸದ್ದು ಮಾಡದ ಹಾಗೆ, ಹೊಳೆ ಹರಿದ ಹಾಗೆ ಹರಿದರು. ನನ್ನ ಬೀದಿಯವರು ಇಷ್ಟು ಚೆಂದ ಇದ್ದಾರೆಂದು ನನಗೆ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ.

ಅಧ್ಯಕ್ಷರು ಎದ್ದು ನಿಂತರು. ಗೋಡೆಯ ಸಂದಿಯಾಚೆ ಅವರ ಕಣ್ಣು ಬಿತ್ತು.

"ಯಾವನ್ರೀ ಅದು? ಇಂಥ ಒಳ್ಳೆ ಹೊತ್ತಲ್ಲಿ ಕಸದ ಗಾಡಿ ತಂದು ಎದುರಿಗೆ ನಿಲ್ಲಿಸಿದೋನು? ಹೋಗೋಕೆ ಹೇಳ್ರೀ ಅವನಿಗೆ!"

ಗುಮಾಸ್ತ ಕೈ ಬೀಸಿದ. ಗಾಡಿ ಹೊರಟೇಹೋಯಿತು. ಸಂದಿಯ ಹತ್ತಿರ ಮುಟ್ಟಿದ್ದ ನಲವತ್ತು ಜನ ತುಂಬಿದ ಎಂಬತ್ತು ಬಕೆಟ್ಟು ಹಿಡಿದು, ಕಣ್ಣು ಕಣ್ಣು ಬಿಡುತ್ತ ನಿಂತರು. ಆಮೇಲೆ ಬೇರೆ ದಾರಿ ಕಾಣದೆ ಅದೇ ನಡಿಗೆಯಲ್ಲಿ ವಾಪಸು ಬಂದರು.

"ನೋಡಿದ್ರಾ ಸಾರ್?" ಸಾಹೇಬ ಪಿಸುಗುಟ್ಟಿದ. "ತೂಕ ಕೆಳಗಿಡದೆ ಎರಡನೇ ಸುತ್ತು!"

"ಗುರುಗಳು ಎಲ್ಲಿ?" ಎಂದರು ಅಧ್ಯಕ್ಷರು.

ಗುರುಗಳು ನಮ್ಮ ಮನೆಯ ಹಿತ್ತಲ ಬಾಗಿಲಿನಿಂದ ಕಣ್ಣುಜ್ಜುತ್ತ ಬಂದರು. ನನ್ನದೇ ಹಳೆಯ ಅಂಗಿ. ಕಾಲಲ್ಲಿ ಸವೆದ ರಬ್ಬರ್ ಚಪ್ಪಲಿ. ಬೀದಿಯವರೆಲ್ಲ ಉಸಿರು ಬಿಗಿಹಿಡಿದರು. ನನ್ನ ಹೆಂಡತಿ ನೆಟ್ಟಗೆ ಹೋಗಿ ಎರಡು ತುಂಬಿದ ಬಕೆಟ್ಟುಗಳನ್ನು ತಮ್ಮನ ಕೈಗೆ ತುರುಕಿದಳು. "ಚೆಲ್ಲಿದ್ರೆ ನಾನು ನಿನ್ನ ಅಕ್ಕ ಅಲ್ಲ," ಎಂದಳು, ಅವನಿಗೆ ಮಾತ್ರ ಕೇಳುವ ಹಾಗೆ. ಪಕ್ಕದಲ್ಲಿದ್ದ ನನಗೂ ಕೇಳಿಸಿತು.

ಸಂದಿಯವರೆಗೆ ಹೋಗಿ ಬರುವ ನಾಲ್ಕು ಸುತ್ತು ಎಂದು ಹೇಳಿ ಸಾಹೇಬ ಸೀಟಿ ಊದಿದ.

ನಾನು ಮೂವತ್ತು ವರ್ಷದಿಂದ ಮರದ ಕೆಲಸ ಮಾಡುತ್ತಿದ್ದೇನೆ. ನೇರವಾದದ್ದು ಯಾವುದು, ಸೊಟ್ಟ ಯಾವುದು ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಹೇಳುತ್ತೇನೆ ಕೇಳಿ, ಅವತ್ತು ನನ್ನ ಭಾವಮೈದುನ ನಡೆದಷ್ಟು ನೇರವಾದ ಗೆರೆಯನ್ನು ನಾನು ದಾರ ಹಿಡಿದೂ ಎಳೆದವನಲ್ಲ. ಮೊದಲ ಸುತ್ತಿಗೆ ಟೈಲರ್ ಬಾಯಿ ಮೇಲೆ ಬೆರಳಿಟ್ಟ. ಎರಡನೆಯ ಸುತ್ತಿಗೆ ಮೇಷ್ಟ್ರು ಕನ್ನಡಕ ಒರೆಸಿ ಹಾಕಿಕೊಂಡರು. ಮೂರನೆಯ ಸುತ್ತಿಗೆ ಅಜ್ಜಿ, ಯಾರನ್ನೂ ಹೊಗಳಿ ಗೊತ್ತಿಲ್ಲದ ಅಜ್ಜಿ, "ಬಂದ ನೋಡು ನನ್ನಪ್ಪ!" ಎಂದು ನೆಲ ತಟ್ಟಿದರು. ಆ ಚಪ್ಪಲಿ ಒಂದು ಸಲವೂ ಪಟಪಟ ಎನ್ನಲಿಲ್ಲ. ಹಸಿ ಕಸದ ಬಕೆಟ್ಟಿನ ಮುಚ್ಚಳದ ಮೇಲೆ ಒಂದು ನೊಣ ಕೂತಿತ್ತು. ನಾಲ್ಕು ಸುತ್ತು ಮುಗಿದರೂ ಅದು ಎದ್ದಿರಲಿಲ್ಲ.

ಒಂಬತ್ತು ಕೆಲಸ, ಒಂಬತ್ತು ಸಲ ಎಂಟು ಹತ್ತು ಮೈಲಿ. ನಾನು ಅವನಿಗೆ ಬೈದ ಬೈಗುಳವೆಲ್ಲ ಅವನ ತರಬೇತಿಗೇ ಬೈದದ್ದು ಎಂದು ಆಗ ಹೊಳೆಯಿತು. ನನ್ನ ಎರಡೂ ಕೈ ತಾವಾಗಿ ಜೋಡಿಸಿಕೊಂಡಿದ್ದವು. ಬಿಡಿಸಿ ಹಿಂದಕ್ಕೆ ಕಟ್ಟಿಕೊಂಡೆ.

ಅವನು ಬಕೆಟ್ಟುಗಳನ್ನು ಅಧ್ಯಕ್ಷರ ಕಾಲ ಬಳಿ, ಹಸುಗೂಸನ್ನು ಮಲಗಿಸಿದ ಹಾಗೆ ಇಳಿಸಿದ. ಏದುಸಿರು ಕೂಡ ಇಲ್ಲ.

ಅಧ್ಯಕ್ಷರು ಗುಮಾಸ್ತನನ್ನು ಹತ್ತಿರ ಕರೆದರು. ಫೈಲು ತೆರೆಸಿ, ಗುಮಾಸ್ತನ ಬೆನ್ನ ಮೇಲೇ ಇಟ್ಟು ಸಹಿ ಹಾಕಿದರು. "ಈ ಮೈದಾನದಲ್ಲಿ ಕಸ ಸುರಿಯೋ ಮಾತು ಇವತ್ತಿಗೆ ಮುಗೀತು. ಬೇಲಿ, ದೀಪ, ನೀರು, ಎಲ್ಲ ಮಂಜೂರು!"

ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. ಬಕೆಟ್ಟು ಹಿಡಿದವರು ಮಂಡಿಯಿಂದ ಬಕೆಟ್ಟಿಗೇ ಬಡಿದರು. ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಯ ಕಿಟಕಿಯನ್ನೇ ನೋಡುತ್ತಿದ್ದಳು.

"ಇನ್ನೂ ಇದೆ," ಎಂದು ಅಧ್ಯಕ್ಷರು ಕೈ ಎತ್ತಿದರು. "ಇಂಥ ಗುರುಗಳನ್ನ ಸುಮ್ನೆ ಬಿಡೋಕಾಗುತ್ತಾ? ನಾಳೆಯಿಂದ ಇವರು ಪುರಸಭೆಯ ಕಾಯಂ ತರಬೇತುದಾರರು. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ, ಅರವತ್ತು ವರ್ಷ ತುಂಬೋ ತನಕ! ಇಗೋ ಆರ್ಡರು!"

ಕಾಯಂ! ನನ್ನ ಜೀವಮಾನದಲ್ಲಿ ಕೇಳಿದ ಅತಿ ಸಿಹಿಯಾದ ಮಾತು ಅದು. ನಾನು ಭಾವಮೈದುನನ ಮುಖ ನೋಡಿದೆ. ನಾಲ್ಕು ಸುತ್ತಿಗೆ ಬಾರದ ಬೆವರು ಈಗ ಅವನ ಹಣೆಯ ಮೇಲೆ ಸಾಲಾಗಿ ಮೂಡಿತ್ತು. ಆರ್ಡರನ್ನು ಎರಡೂ ಕೈಯಿಂದ ತೆಗೆದುಕೊಂಡ, ಮಡಚಿದ, ತಂದು ನನ್ನ ಜೇಬಿಗೆ ಇಟ್ಟ.

"ಹೋಗ್ಬೇಡ್ವೋ," ಎಂದೆ. ಅದು ಹೇಗೆ ನನ್ನ ಬಾಯಿಂದ ಬಂತೋ ಗೊತ್ತಿಲ್ಲ.

ಅವನು ನನ್ನ ಮುಖ ನೋಡಿ ನಕ್ಕ. ಆಮೇಲೆ ಅಧ್ಯಕ್ಷರ ಕಡೆ ತಿರುಗಿ, ತುಂಬಾ ವಿನಯವಾಗಿ ಹೇಳಿದ: "ಟೀ ಕುಡಿದು ಬರ್ತೀನಿ ಸಾರ್."

"ಧಾರಾಳವಾಗಿ ಹೋಗ್ಬನ್ನಿ, ಹೋಗ್ಬನ್ನಿ," ಎಂದರು ಅಧ್ಯಕ್ಷರು. "ಎಷ್ಟು ಸರಳ ಮನುಷ್ಯ ನೋಡಿ!"

ಆ ಮಾತಿನ ಅರ್ಥ ಅಲ್ಲಿದ್ದವರಲ್ಲಿ ಇಬ್ಬರಿಗೇ ಗೊತ್ತು. ನನ್ನ ಹೆಂಡತಿ ಕಿಟಾರನೆ ಕಿರುಚಿದಳು: "ರೀ, ಹಿಡೀರೀ ಅವನನ್ನ!"

ನಾನು ಓಡಿದೆ. ಪಂಚೆ ಮೇಲೆ ಕಟ್ಟಿಕೊಂಡು, ಈ ವಯಸ್ಸಿನಲ್ಲಿ, ಇದ್ದ ಬದ್ದ ಉಸಿರನ್ನೆಲ್ಲ ಒಟ್ಟುಮಾಡಿ ಓಡಿದೆ. "ತಮ್ಮಾ, ನಿಲ್ಲೋ! ಬೈಯಲ್ಲ ಕಣೋ!" ಎಂದು ಕೂಗಿದೆ. ಓಡುತ್ತಿದ್ದವನು ನಾನು. ನಡೆಯುತ್ತಿದ್ದವನು ಅವನು. ನಮ್ಮಿಬ್ಬರ ನಡುವಿನ ದೂರ ಮಾತ್ರ ಹೆಚ್ಚುತ್ತಲೇ ಹೋಯಿತು. ಹಿಂದಿನಿಂದ ಸಾಹೇಬ, "ನೋಡಿ ಸಾರ್, ಈಗಲೂ ಕಾಲು ನೆಲ ಬಿಟ್ಟಿಲ್ಲ!" ಎಂದು ಕುಣಿಯುತ್ತಿದ್ದದ್ದು ಕೇಳಿಸುತ್ತಿತ್ತು.

ಗೋಡೆಯ ಸಂದಿಯನ್ನು ಅವನು ದಾಟಿದ. ನಾನು ಅಲ್ಲಿಗೆ ಮುಟ್ಟಿ, ಎರಡೂ ಕೈಯಿಂದ ಇಟ್ಟಿಗೆ ಹಿಡಿದು, ಏದುಸಿರು ಬಿಡುತ್ತ ರಸ್ತೆ ನೋಡಿದೆ.

ಟೀ ಅಂಗಡಿ ಎಡಕ್ಕಿತ್ತು. ಅವನು ಬಲಕ್ಕೆ ತಿರುಗಿದ್ದ.